ಕುಸ್ವಾರ್ ತಟ್ಟೆ, ಹನುಕ್ಕಾ ದೀಪ

ಕ್ರಿಸ್‌ಮಸ್ ಕ್ರೈಸ್ತರ ಹಬ್ಬ, ಹನುಕ್ಕಾ ಯೆಹೂದಿಗಳ ಹಬ್ಬ. ಎರಡೂ ಡಿಸೆಂಬರ್ ಸುಮಾರಿಗೆ ಬರುತ್ತವೆ. ಎರಡಕ್ಕೂ ಮನೆಯಲ್ಲಿ ದೀಪ ಹಚ್ಚುತ್ತಾರೆ, ಒಲೆಯ ಮೇಲೆ ಬಾಣಲೆ ಇಡುತ್ತಾರೆ. ಗಂಡ ಒಂದು ಧರ್ಮದವನು, ಹೆಂಡತಿ ಇನ್ನೊಂದು ಧರ್ಮದವಳು ಆಗಿರುವ ಮನೆಗಳಲ್ಲಿ ಎರಡನ್ನೂ ಒಂದೇ ರಾತ್ರಿಯ ಊಟದಲ್ಲಿ ಆಚರಿಸುವ ರೂಢಿ ಅಮೆರಿಕ, ಯುರೋಪುಗಳಲ್ಲಿ ಬೆಳೆದುಬಂದಿದೆ. ನಮ್ಮ ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಿಗೆ ಕ್ರಿಸ್‌ಮಸ್ ಶತಮಾನಗಳಿಂದ ಪರಿಚಿತ. ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ಇಲ್ಲಿಲ್ಲ. ಆದರೂ ಕುಮಟಾ ತಾಲ್ಲೂಕಿನ ಗೋಕರ್ಣಕ್ಕೆ ಮಳೆಗಾಲ ಕಳೆದ ಮೇಲೆ ಬರುವ ವಿದೇಶಿಯರಲ್ಲಿ ಇಸ್ರೇಲಿನ ಯುವಜನ ಬಹಳ. ಕಡ್ಡಾಯ ಸೈನಿಕ ಸೇವೆ ಮುಗಿಸಿ ದೇಶ ಸುತ್ತಲು ಹೊರಟವರು ಅವರಲ್ಲಿ ಹಲವರು. ಕುಡ್ಲೆ, ಓಂ ಕಡಲತೀರಗಳ ಹೋಟೆಲುಗಳಲ್ಲಿ ಹಮ್ಮಸ್, ಫಲಾಫೆಲ್, ಶಕ್ಷೂಕಾ ಸಿಗುವುದು ಅವರಿಂದಾಗಿ. ಎರಡು ಹಬ್ಬದವರು ಒಂದೇ ಪಂಕ್ತಿಯಲ್ಲಿ ಕೂರುವ ಸಂದರ್ಭ ಈ ಸೀಮೆಗೂ ದೂರದ್ದಲ್ಲ.

ಪಂಚಾಂಗದ ಲೆಕ್ಕ

ಕ್ರಿಸ್‌ಮಸ್ ಸೌರಮಾನದ ಹಬ್ಬ. ಡಿಸೆಂಬರ್ 25 ಬದಲಾಗುವುದಿಲ್ಲ. ಹನುಕ್ಕಾ ಹೀಬ್ರೂ ಪಂಚಾಂಗದ ಕಿಸ್ಲೇವ್ ಮಾಸದ 25ರಂದು ಆರಂಭವಾಗಿ ಎಂಟು ದಿನ ನಡೆಯುತ್ತದೆ. ಹೀಬ್ರೂ ಪಂಚಾಂಗದ ಬಗೆ ಕನ್ನಡಿಗರಿಗೆ ಗೊತ್ತಿರುವಂಥದೇ. ತಿಂಗಳನ್ನು ಚಂದ್ರನಿಂದ ಎಣಿಸುತ್ತಾರೆ, ಋತು ತಪ್ಪದಂತೆ 19 ವರ್ಷಗಳಲ್ಲಿ ಏಳು ಅಧಿಕ ಮಾಸ ಸೇರಿಸುತ್ತಾರೆ. ಮಾಸ ಶುರುವಾಗುವುದು ಅಮಾವಾಸ್ಯೆ ಕಳೆದ ಮೇಲೆ. ಹಾಗಾಗಿ 25ನೇ ದಿನವೆಂದರೆ ಕೃಷ್ಣಪಕ್ಷದ ದಶಮಿ–ಏಕಾದಶಿಯ ಆಸುಪಾಸು. ಎಂಟು ದಿನಗಳ ನಡುವೆ ಅಮಾವಾಸ್ಯೆ ಬರುತ್ತದೆ. ದೀಪಾವಳಿಯಂತೆ ಹನುಕ್ಕಾ ಕೂಡ ತಿಂಗಳಿನ ಅತ್ಯಂತ ಕತ್ತಲ ರಾತ್ರಿಗಳಲ್ಲಿ ದೀಪ ಹಚ್ಚುವ ಹಬ್ಬ. 2024ರಲ್ಲಿ ಅದರ ಮೊದಲ ದೀಪ ಡಿಸೆಂಬರ್ 25ರ ಸಂಜೆ ಬೆಳಗಿತು. ಮರುದಿನ ಇಲ್ಲಿಯ ಪಂಚಾಂಗದಲ್ಲಿ ಮಾರ್ಗಶಿರ ಬಹುಳ ಏಕಾದಶಿ.

ಹನುಕ್ಕಾ ನವೆಂಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ ಓಡಾಡುತ್ತದೆ. ಮೊದಲ ದೀಪ ಸರಿಯಾಗಿ ಕ್ರಿಸ್‌ಮಸ್ ದಿನದ ಸಂಜೆಗೇ ಬಿದ್ದದ್ದು 1900ರಿಂದ ಈಚೆಗೆ ಐದೇ ಸಲ: 1910, 1921, 1959, 2005 ಮತ್ತು 2024. ಎಂಟು ದಿನಗಳಲ್ಲಿ ಯಾವುದಾದರೊಂದು ಕ್ರಿಸ್‌ಮಸ್‌ಗೆ ತಾಗುವ ವರ್ಷಗಳು ಇದಕ್ಕಿಂತ ಎಷ್ಟೋ ಹೆಚ್ಚು.

ಒಂದು ಯುದ್ಧ, ಒಂದು ಜನನ

ಕ್ರಿ.ಪೂ. 167ರಲ್ಲಿ ಸೆಲ್ಯೂಸಿಡ್ ದೊರೆ ನಾಲ್ಕನೇ ಆಂಟಿಯೋಕಸ್ ಯೆಹೂದಿ ಆಚರಣೆಗಳನ್ನು ನಿಷೇಧಿಸಿ ಜೆರುಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ. ಯೂದ ಮಕ್ಕಬಿ ಮತ್ತವನ ಸಹೋದರರು ಬಂಡೆದ್ದು, ಕ್ರಿ.ಪೂ. 164ರಲ್ಲಿ ದೇವಾಲಯವನ್ನು ಗೆದ್ದುಕೊಂಡು ಶುದ್ಧಿ ಮಾಡಿ ಮತ್ತೆ ಪೂಜೆಗೆ ತೆರೆದರು. ಆ ಪುನಃಪ್ರತಿಷ್ಠೆಯ ನೆನಪೇ ಹನುಕ್ಕಾ. ಒಂದು ದಿನಕ್ಕೆ ಸಾಕಾಗುವಷ್ಟಿದ್ದ ಪವಿತ್ರ ಎಣ್ಣೆ ಎಂಟು ದಿನ ಉರಿಯಿತೆಂಬ ಕಥೆ ಅನಂತರದ ಟಾಲ್ಮುಡ್ ಗ್ರಂಥದಲ್ಲಿ ಬರುತ್ತದೆ. ಅದರ ಗುರುತಿಗೆ ಮೊದಲ ದಿನ ಒಂದು, ಎರಡನೆಯ ದಿನ ಎರಡು ಎಂದು ಎಂಟನೆಯ ದಿನ ಎಂಟು ದೀಪ ಹಚ್ಚುತ್ತಾರೆ. ಉಳಿದವನ್ನು ಹಚ್ಚಲೆಂದೇ ಪ್ರತಿದಿನ ಇನ್ನೊಂದು ದೀಪವಿರುತ್ತದೆ. ಎಲ್ಲ ಸೇರಿ ಹಬ್ಬಕ್ಕೆ 44 ದೀಪ.

ಕ್ರಿಸ್‌ಮಸ್ ಯೇಸುವಿನ ಜನನದ ಹಬ್ಬ. ಡಿಸೆಂಬರ್ 25ರ ಆಚರಣೆಯ ಅತಿ ಹಳೆಯ ದಾಖಲೆ ರೋಮಿನದು, 336ನೇ ಇಸವಿಗೆ ಸೇರಿದ್ದು. ಎರಡು ಹಬ್ಬಗಳ ಅರ್ಥ ಬೇರೆಬೇರೆಯಾದರೂ ಹಿನ್ನೆಲೆ ಒಂದಕ್ಕೊಂದು ಹೆಣೆದುಕೊಂಡಿದೆ. ಯೇಸು ಯೆಹೂದಿಯಾಗಿಯೇ ಹುಟ್ಟಿ ಬೆಳೆದವನು. ಈ ಪುನಃಪ್ರತಿಷ್ಠೆಯ ಹಬ್ಬದಲ್ಲಿ ಆತ ಜೆರುಸಲೇಮಿನ ದೇವಾಲಯದಲ್ಲಿದ್ದನೆಂದು ಯೋಹಾನನ ಸುವಾರ್ತೆಯ ಹತ್ತನೇ ಅಧ್ಯಾಯ ತಿಳಿಸುತ್ತದೆ. ಹನುಕ್ಕಾದ ಯುದ್ಧಕಥೆ ಹೇಳುವ ಮಕ್ಕಬಿಯರ ಎರಡು ಗ್ರಂಥಗಳು ಯೆಹೂದಿಗಳ ಹೀಬ್ರೂ ಬೈಬಲಿನಲ್ಲಿ ಇಲ್ಲ, ಕಥೋಲಿಕರ ಬೈಬಲಿನಲ್ಲಿ ಇವೆ. ಹೊನ್ನಾವರದ ಕಥೋಲಿಕ ಮನೆಯ ಕಪಾಟಿನಲ್ಲಿರುವ ಗ್ರಂಥದಲ್ಲೇ ಹನುಕ್ಕಾದ ಮೂಲಕಥೆ ಇದೆ.

ಕರಾವಳಿಯ ಹಳೆಯ ನಂಟು

ಕರ್ನಾಟಕದ ಕರಾವಳಿಯಲ್ಲಿ ಎರಡು ಸಮುದಾಯ ಬೆರೆತ ಯೆಹೂದಿ ಮನೆಯ ದಾಖಲೆ 12ನೇ ಶತಮಾನದಷ್ಟು ಹಳೆಯದು. ಇಂದಿನ ಟ್ಯುನೀಷಿಯಾದಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. ಮೆಣಸು, ಅಡಿಕೆ, ಕಬ್ಬಿಣದ ವ್ಯಾಪಾರದ ಜೊತೆಗೆ ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಆಶು ಎಂಬ ಇಲ್ಲಿಯ ದಾಸಿಯನ್ನು ಆ ವರ್ಷ ಬಿಡುಗಡೆ ಮಾಡಿದ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಏಡನ್ನಿನ ಸ್ನೇಹಿತ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಕಾಗದ ಕಳಿಸುತ್ತಿದ್ದ ವಿವರಗಳು ಕೈರೋದ ಸಿನಗಾಗಿನಲ್ಲಿ ಉಳಿದ ಪತ್ರಗಳಲ್ಲಿವೆ. ಅಮಿತಾವ್ ಘೋಷ್ 1992ರಲ್ಲಿ ಈ ಮನೆಯ ಕಥೆಯನ್ನು ಪುಸ್ತಕವಾಗಿಸಿದರು.

ಉತ್ತರ ಕನ್ನಡದ ತೀರದಲ್ಲಿ ಕ್ರೈಸ್ತರೂ ಯೆಹೂದಿಗಳೂ ಮುಖಾಮುಖಿಯಾದ ಪ್ರಸಂಗ 1498ರದು. ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿದ್ದ ವಾಸ್ಕೋ ಡ ಗಾಮನ ಹಡಗಿನವರು ಅಲ್ಲಿಗೆ ಬಂದ ಒಬ್ಬ ಯೆಹೂದಿಯನ್ನು ಸೆರೆಹಿಡಿದರು. ಆತ ಕ್ರೈಸ್ತನಾಗಿ ಗ್ಯಾಸ್ಪರ್ ಡ ಗಾಮ ಎಂಬ ಹೆಸರಿನಲ್ಲಿ ಪೋರ್ಚುಗೀಸರಿಗೆ ದುಭಾಷಿಯಾದ. ಎರಡು ಸಮುದಾಯಗಳ ಸಂಬಂಧ ಯಾವಾಗಲೂ ಸ್ನೇಹದ್ದೇ ಆಗಿರಲಿಲ್ಲ. 1560ರಲ್ಲಿ ಗೋವಾದಲ್ಲಿ ಆರಂಭವಾದ ಧಾರ್ಮಿಕ ನ್ಯಾಯಮಂಡಳಿ ಮೊದಲು ಹುಡುಕಿದ್ದು ಕ್ರೈಸ್ತರಾಗಿ ಮತಾಂತರಗೊಂಡೂ ಗುಟ್ಟಾಗಿ ಯೆಹೂದಿ ಆಚರಣೆ ಉಳಿಸಿಕೊಂಡವರನ್ನು. ಪೋರ್ಚುಗೀಸ್ ಆಡಳಿತದ ಕಿರುಕುಳ, ಯುದ್ಧ, ಬರ ಇವುಗಳಿಂದ ಗೋವಾ ಬಿಟ್ಟ ಕೊಂಕಣಿ ಕಥೋಲಿಕರು ಕರಾವಳಿಗುಂಟ ದಕ್ಷಿಣಕ್ಕೆ ಬಂದು ನೆಲೆಸಿದರು. 1678ರಲ್ಲಿ ಕೆಳದಿ ಸಂಸ್ಥಾನ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳಗಳಲ್ಲಿ ಚರ್ಚ್ ಕಟ್ಟಲು ಅವಕಾಶ ಸಿಕ್ಕಿತು. ಚಂದಾವರದಲ್ಲಿ ಡಿಸೆಂಬರ್ 3ರಂದು ನಡೆಯುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಇಂದಿಗೂ ಎಲ್ಲ ಮತದವರೂ ಹೋಗುತ್ತಾರೆ.

ಹೊನ್ನಾವರದಿಂದ ಉತ್ತರಕ್ಕೆ ಇದೇ ಕೊಂಕಣ ತೀರದಲ್ಲಿ, ಅಲಿಬಾಗ್ ಸುತ್ತ, ಬೆನೆ ಇಸ್ರೇಲಿ ಯೆಹೂದಿಗಳು ಗಾಣ ನಡೆಸಿ ಬದುಕಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ ಎನ್ನುತ್ತಿದ್ದರು. ಎಣ್ಣೆಯೇ ಕಸುಬಾಗಿದ್ದ ಈ ಜನರಲ್ಲಿ ಎಣ್ಣೆಯ ಹಬ್ಬವಾದ ಹನುಕ್ಕಾ ಬಹುಕಾಲ ಇರಲಿಲ್ಲ; ಕೊಚ್ಚಿ ಮೊದಲಾದ ಕಡೆಯ ಯೆಹೂದಿಗಳ ಒಡನಾಟ ಬೆಳೆದ ಮೇಲೆ ಬಂತು.

ಬಾಣಲೆಯ ಬಳಗ

ಕರಾವಳಿಯ ಕ್ರಿಸ್‌ಮಸ್ ತಿಂಡಿಗಳಿಗೆ ಒಟ್ಟಾಗಿ ಕುಸ್ವಾರ್ ಎನ್ನುತ್ತಾರೆ. ಎಳ್ಳು, ರವೆ, ಕೊಬ್ಬರಿ, ಸಕ್ಕರೆ, ಏಲಕ್ಕಿ ತುಂಬಿದ ನೆವ್ರಿ, ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಹಿಟ್ಟನ್ನು ಒತ್ತಿ ಸುರುಳಿ ಸುತ್ತಿ ಕರಿದ ಕಿಡಿಯೊ, ಅಕ್ಕಿಹಿಟ್ಟಿನ ಗುಳಿಯೊ, ಗುಲಾಬಿ ಹೂವಿನ ಆಕಾರದ ಕೊಕ್ಕಿಸಾಂ, ಜೊತೆಗೆ ಕೇಕು. ಕೊಕ್ಕಿಸಾಂ ಮಾಡುವುದರಲ್ಲಿ ಕೈಚಳಕವೇ ಮುಖ್ಯ. ಉದ್ದ ಹಿಡಿಕೆಯ ಅಚ್ಚನ್ನು ಮೊದಲು ಎಣ್ಣೆಯಲ್ಲೇ ಕಾಯಿಸಬೇಕು. ಕಾದ ಅಚ್ಚನ್ನು ಅಕ್ಕಿಹಿಟ್ಟು, ಮೊಟ್ಟೆ, ಕಾಯಿಹಾಲು ಕಲಸಿದ ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿದರೆ ಹಿಟ್ಟು ಅಚ್ಚಿನ ಮೇಲೂ ಹರಡಿ ಬಿಡಿಸಲು ಬರುವುದಿಲ್ಲ. ಮತ್ತೆ ಎಣ್ಣೆಗಿಟ್ಟು ಮೆಲ್ಲಗೆ ಅಲ್ಲಾಡಿಸಿದಾಗ ಹೂವು ಕಳಚಿಕೊಂಡು ತೇಲುತ್ತದೆ.

ಕುಸ್ವಾರ್ ನೆರೆಮನೆಗಳಿಗೆ ಹಂಚುವ ತಿಂಡಿ. ಒಣದಾದ್ದರಿಂದ ಬಹಳ ದಿನ ಇರುತ್ತದೆ. ನೆವ್ರಿಯಂತೂ ಚೌತಿಗೆ ಕೊಂಕಣಿ ಹಿಂದೂಗಳ ಮನೆಯಲ್ಲೂ ಆಗುತ್ತದೆ, ಕ್ರಿಸ್‌ಮಸ್‌ಗೆ ಕಥೋಲಿಕರ ಮನೆಯಲ್ಲೂ ಆಗುತ್ತದೆ.

ಹನುಕ್ಕಾದ ನಿಯಮವೂ ಕರಿದ ತಿಂಡಿಯೇ. ಎಣ್ಣೆಯ ಪವಾಡದ ನೆನಪು ಅದಕ್ಕೆ ಕಾರಣ. ಪೂರ್ವ ಯುರೋಪಿನವರ ಲಾಟ್ಕೆಗೆ ಆಲೂಗಡ್ಡೆ ತುರಿದು, ನೀರು ಹಿಂಡಿ, ಈರುಳ್ಳಿ, ಮೊಟ್ಟೆ ಸೇರಿಸಿ ತಟ್ಟಿ ಕರಿಯುತ್ತಾರೆ. ಇಸ್ರೇಲಿನಲ್ಲಿ ಜಾಮ್ ತುಂಬಿದ ಸುಫ್ಗಾನಿಯಾ ಹೆಚ್ಚು. ಕೊಚ್ಚಿಯ ಯೆಹೂದಿಗಳು ಈ ಹಬ್ಬಕ್ಕೆ ನೆಯ್ಯಪ್ಪಂ ಮಾಡುತ್ತಾರೆ. ಗಣಪತಿಗೆ ಪ್ರಿಯವೆಂದು ಇಲ್ಲಿ ಮಾಡುವ ಅಪ್ಪದ ಜಾತಿಯದೇ ಅದು. ಬೆನೆ ಇಸ್ರೇಲಿಗಳು ಶುಭಕಾರ್ಯಗಳಲ್ಲಿ ಪ್ರವಾದಿ ಎಲಿಯನ ಹೆಸರಿನಲ್ಲಿ ಮಾಡುವ ಮಲೀದಾಕ್ಕೆ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಹಣ್ಣು ಬೀಳುತ್ತವೆ. ಇಡಗುಂಜಿ ಮಹಾಗಣಪತಿಯ ಪಂಚಕಜ್ಜಾಯ ತಿಂದವರಿಗೆ ಅದರ ರುಚಿ ಹೊಸದೆನಿಸುವುದಿಲ್ಲ.

ಪಂಕ್ತಿಯ ನಿಯಮ

ಜಂಟಿ ಊಟಕ್ಕೆ ತೊಡಕಾಗುವುದು ಯೆಹೂದಿಗಳ ಆಹಾರ ನಿಯಮ. ಹಂದಿಮಾಂಸ ನಿಷಿದ್ಧ, ಕಥೋಲಿಕರ ಹಬ್ಬದೂಟದಲ್ಲಿ ಅದಕ್ಕೆ ದೊಡ್ಡ ಸ್ಥಾನ. ಮೀನಿಗೆ ರೆಕ್ಕೆಯೂ ಹುರುಪೆಯೂ ಇರಬೇಕು: ಬಂಗಡೆ, ತಾರ್ಲಿ ಆಗುತ್ತವೆ, ಸಿಗಡಿ, ಏಡಿ, ಅಘನಾಶಿನಿಯ ಬಳಚು ಆಗುವುದಿಲ್ಲ. ಕೋಳಿ, ಕುರಿ ಅವರ ಪದ್ಧತಿಯಂತೆ ಕೊಯ್ದದ್ದಾಗಬೇಕು. ಮಾಂಸದ ಜೊತೆ ಹಾಲು, ಮೊಸರು, ಬೆಣ್ಣೆ, ತುಪ್ಪ ಸೇರಕೂಡದು, ಪಾತ್ರೆಗಳೂ ಬೇರೆಯಾಗಬೇಕು. ದ್ರಾಕ್ಷಾರಸವನ್ನೂ ಯೆಹೂದಿಗಳೇ ತಯಾರಿಸಿರಬೇಕು. ಎಲ್ಲ ಯೆಹೂದಿಗಳೂ ಇದನ್ನು ಇಷ್ಟೇ ಬಿಗಿಯಾಗಿ ಪಾಲಿಸುವುದಿಲ್ಲ. ಪಾಲಿಸುವವರಿಗೆ ಮಾತ್ರ ಇದರಲ್ಲಿ ರಿಯಾಯಿತಿ ಇಲ್ಲ.

ಕರಾವಳಿಯ ಅಡುಗೆಮನೆಯಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿಯೇ ಇದೆ. ಕಾಯಿಹಾಲು ಈ ನಿಯಮದಲ್ಲಿ ಹಾಲಿನ ಲೆಕ್ಕಕ್ಕೆ ಬರುವುದಿಲ್ಲ, ಮೊಟ್ಟೆಯೂ ಬರುವುದಿಲ್ಲ. ತೆಂಗಿನೆಣ್ಣೆಯಲ್ಲಿ ಕರಿದ ಕೊಕ್ಕಿಸಾಂ ಮಾಂಸದೂಟದ ಜೊತೆಗೂ ಸಲ್ಲುತ್ತದೆ. ಮೊಸರು ಹಾಕಿದ ಬನ್ಸ್ ಸಲ್ಲುವುದಿಲ್ಲ. ಬಾಳೆಎಲೆಯಲ್ಲಿ ಬಡಿಸಿದರೆ ತಟ್ಟೆಯ ಪ್ರಶ್ನೆಯೇ ಇಲ್ಲ. ವೈನಿನ ಬದಲು ಮುರುಗಲ ಶರಬತ್ತು ಇಡಬಹುದು. ಪೂರ್ತಿ ಸಸ್ಯಾಹಾರವಾದರೆ ಎಲ್ಲಕ್ಕಿಂತ ಸುಲಭ. ಹೊಸ ಪಾತ್ರೆ, ಹೊಸ ಎಣ್ಣೆ ಇದ್ದರೆ ಹೆಚ್ಚಿನ ತೊಡಕು ಕಳೆಯುತ್ತದೆ, ಹವ್ಯಕ ನೆರೆಯವರೂ ಅದೇ ಪಂಕ್ತಿಯಲ್ಲಿ ಕೂರಬಹುದು.

ಬೆರೆಸಬೇಕೇ, ಪಕ್ಕದಲ್ಲಿಡಬೇಕೇ

ಎರಡು ಹಬ್ಬ ಒಂದೇ ಮನೆಯೊಳಗೆ ಬಂದದ್ದು ಹೊಸದೇನಲ್ಲ. 19ನೇ ಶತಮಾನದ ಜರ್ಮನಿ, ಆಸ್ಟ್ರಿಯಾಗಳ ಅನೇಕ ಯೆಹೂದಿ ಮನೆಗಳಲ್ಲಿ ಕ್ರಿಸ್‌ಮಸ್ ಮರ ಇರುತ್ತಿತ್ತು. ಯೆಹೂದಿ ರಾಷ್ಟ್ರದ ಕಲ್ಪನೆಗೆ ರೂಪ ಕೊಟ್ಟ ಥಿಯೋಡರ್ ಹೆರ್ಜ್ಲ್ 1895ರಲ್ಲಿ ಮಕ್ಕಳಿಗಾಗಿ ಮರಕ್ಕೆ ದೀಪ ಹಚ್ಚುತ್ತಿದ್ದಾಗ ವಿಯೆನ್ನಾದ ಮುಖ್ಯ ಧರ್ಮಗುರು ಮನೆಗೆ ಬಂದರು, ಕಂಡು ಬೇಸರಿಸಿಕೊಂಡರು. ಅಮೆರಿಕದಲ್ಲಿ ಪ್ಯೂ ಸಂಸ್ಥೆ 2020ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಿವಾಹಿತ ಯೆಹೂದಿಗಳಲ್ಲಿ ಶೇ 42ರಷ್ಟು ಜನರ ಸಂಗಾತಿ ಬೇರೆ ಧರ್ಮದವರು ಅಥವಾ ಧರ್ಮವಿಲ್ಲದವರು. 2010ರಿಂದ ಈಚೆಗೆ ಮದುವೆಯಾದವರಲ್ಲಿ ಈ ಪ್ರಮಾಣ ಶೇ 61.

ಇಂಥ ಮನೆಗಳಲ್ಲಿ ಎರಡು ಬಗೆ. ಕೆಲವರು ಎರಡನ್ನೂ ಕಲಸಿ ಒಂದೇ ಹಬ್ಬ ಮಾಡುತ್ತಾರೆ. ಕೆಲವರು ಊಟವನ್ನು ಒಟ್ಟಿಗೆ ಮಾಡಿ ಪ್ರಾರ್ಥನೆಗಳನ್ನು ಬೇರೆಯಾಗಿ ಇಟ್ಟುಕೊಳ್ಳುತ್ತಾರೆ. ಎರಡನೆಯದೇ ಮೇಲು. ಮೇಲಿನಿಂದ ಹೇರಿದ ಪರಧರ್ಮವನ್ನು ಎದುರಿಸಿ ನಿಂತವರ ನೆನಪು ಹನುಕ್ಕಾ. ಅದನ್ನು ಇನ್ನೊಂದು ಹಬ್ಬದೊಳಗೆ ಕರಗಿಸಿದರೆ ಉಳಿಯುವುದು ತಿಂಡಿ ಮಾತ್ರ. ಚಂದಾವರದ ಹಬ್ಬಕ್ಕೆ ಹೋದ ಹಿಂದೂ ಹಿಂದೂವಾಗಿಯೇ ಮರಳುತ್ತಾನೆ. ಊಟದ ಮನೆಗೂ ಅದೇ ಕ್ರಮ ಸಾಕು.

ಕ್ರಿಸ್‌ಮಸ್ ಮುನ್ನಾದಿನದ ಸಂಜೆಯ ಕ್ರಮವೂ ಇದಕ್ಕೆ ಹೊಂದುತ್ತದೆ. ಹನುಕ್ಕಾ ದೀಪ ಹಚ್ಚುವುದು ಮುಸ್ಸಂಜೆಗೆ; ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಕತ್ತಲಾದ ಮೇಲೆ ದೀಪ ಅರ್ಧ ಗಂಟೆಯಾದರೂ ಉರಿಯಬೇಕು. ಅದು ಮುಗಿದು ಊಟವಾಗಿ, ಕಥೋಲಿಕರು ರಾತ್ರಿಯ ಪೂಜೆಗೆ ಚರ್ಚಿಗೆ ಹೊರಡಲು ಸಮಯ ಉಳಿಯುತ್ತದೆ.

2027ರಲ್ಲಿ ಮೊದಲ ದೀಪ ಡಿಸೆಂಬರ್ 24ರ ಸಂಜೆಗೆ ಬರುತ್ತದೆ, ಅಂದು ಶುಕ್ರವಾರ. ಸೂರ್ಯ ಮುಳುಗಿದೊಡನೆ ಯೆಹೂದಿಗಳ ಸಬ್ಬತ್ ಆರಂಭ. ಆಮೇಲೆ ಒಲೆ ಹಚ್ಚುವಂತಿಲ್ಲ, ಅಡುಗೆ ಮಾಡುವಂತಿಲ್ಲ. ದೀಪವನ್ನೂ ಸೂರ್ಯಾಸ್ತಕ್ಕೆ ಮೊದಲೇ, ಹೆಚ್ಚು ಎಣ್ಣೆ ಹಾಕಿ ಹಚ್ಚಬೇಕು. ನಿಯಮ ಪಾಲಿಸುವ ಅತಿಥಿಗಳಿದ್ದರೆ ಆ ವರ್ಷದ ಜಂಟಿ ಊಟವನ್ನು ಮರುದಿನ, ಕ್ರಿಸ್‌ಮಸ್ ಶನಿವಾರದ ರಾತ್ರಿ, ನಕ್ಷತ್ರ ಮೂಡಿದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಅಷ್ಟು ಹೊತ್ತಿಗೆ ಸಬ್ಬತ್ ಮುಗಿದಿರುತ್ತದೆ, ಎರಡನೆಯ ದೀಪವನ್ನೂ ಹಚ್ಚಬಹುದು, ಬಾಣಲೆಯನ್ನೂ ಒಲೆಗೇರಿಸಬಹುದು.