ಆರು ಗಂಟೆಯ ಬೇಸಿಗೆ

ತುಮಕೂರು ಸೀಮೆಯಿಂದ ಕಡಲಿಗೆ ಇಳಿಯಲು ಎರಡು ಹಳೆಯ ದಾರಿಗಳಿವೆ. ಗುಬ್ಬಿಯ ಮೇಲೆ ಹಾದು ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರ ಮುಟ್ಟಿಸುವುದು ಒಂದು. ಹೆದ್ದಾರಿಗಳಿಗೆ ಹೊಸ ನಂಬರು ಬರುವ ಮೊದಲು ಇದಿಷ್ಟೂ 206 ಎಂಬ ಒಂದೇ ರಸ್ತೆಯಾಗಿತ್ತು. ಕುಣಿಗಲ್ ಮೇಲೆ ಹಾಸನ, ಸಕಲೇಶಪುರ ಹಾದು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುವ 75ನೇ ಹೆದ್ದಾರಿ ಇನ್ನೊಂದು. ಜನ ಪಡುವಣಕ್ಕೆ ಹೋದರೂ ನಮ್ಮ ನೀರು ಹೋಗುವುದು ಮೂಡಣಕ್ಕೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಕಾವೇರಿಯನ್ನು ಸೇರುತ್ತದೆ, ಜಯಮಂಗಲಿ ಉತ್ತರ ಪಿನಾಕಿನಿಯನ್ನು. ಎರಡರದೂ ಕೊನೆಗೆ ಬಂಗಾಳ ಕೊಲ್ಲಿಯ ಹಾದಿಯೇ. ಹಾಗಾಗಿ ಅರಬ್ಬೀ ಕಡಲಿಗೂ ನಮಗೂ ನೆಂಟಸ್ತಿಕೆ ಇಲ್ಲವೆಂದು ತೋರಬಹುದು. ಆದರೆ ಕೆರೆಯ ದಂಡೆಯಲ್ಲಿ ಆಡಿ ಬೆಳೆದವರಿಗೆ ಕಡಲತೀರ ಬೇಗ ಅರ್ಥವಾಗುತ್ತದೆ ಎಂಬುದು ನನ್ನ ವಾದ. ಅಲ್ಲಿ ನಡೆಯುವುದು ಬಹಳಷ್ಟು ಇಲ್ಲಿಯೂ ನಡೆಯುತ್ತದೆ. ಗಡಿಯಾರ ಮಾತ್ರ ಬೇರೆ.

ಕಡಲಂಚಿನಲ್ಲಿ ದಿನಗಟ್ಟಲೆ ನಡೆಯುವುದು ಈಚೆಗೆ ಜಗತ್ತಿನ ಹಲವೆಡೆ ಹಿಡಿಸಿರುವ ಹವ್ಯಾಸ. ಬ್ರಿಟನ್ನಿನ ವೇಲ್ಸ್ ತನ್ನ ಇಡೀ ಕರಾವಳಿಗೆ ಸುಮಾರು 1,400 ಕಿಲೋಮೀಟರ್ ಉದ್ದದ ಕಾಲುದಾರಿ ಹಾಕಿ 2012ರಲ್ಲಿ ತೆರೆಯಿತು. ನಮ್ಮ ರಾಜ್ಯದ ಕರಾವಳಿ ಇರುವುದು ಸುಮಾರು 300 ಕಿಲೋಮೀಟರ್. ಅದಕ್ಕೆ ಹಾಗೆ ಹಾಕಿಕೊಟ್ಟ ದಾರಿಯಿಲ್ಲ, ಅಲ್ಲಲ್ಲಿ ನದಿಮುಖಗಳು ಅಡ್ಡ ಬರುತ್ತವೆ. ಆದರೂ ಕುಮಟಾದಿಂದ ಗೋಕರ್ಣದವರೆಗಿನ ನಡಿಗೆ ಬಯಲುಸೀಮೆಯ ಕಾಲೇಜು ಹುಡುಗರಿಗೂ ಪರಿಚಿತ. ಕಡ್ಲೆ ತೀರ, ಜಂಬಿಟ್ಟಿಗೆ ಕಲ್ಲಿನ ದಿಬ್ಬಗಳು, ಅಘನಾಶಿನಿಯ ಬಾಯಿ, ದೋಣಿ ದಾಟಿದರೆ ತದಡಿ, ಮುಂದೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ತೀರಗಳು. ಹೋದವರಲ್ಲಿ ಹೆಚ್ಚಿನವರು ಸೂರ್ಯಾಸ್ತದ ಫೋಟೊ ಹಿಡಿದು ಬರುತ್ತಾರೆ. ಕಾಲ ಬುಡದಲ್ಲಿ ಇದ್ದದ್ದನ್ನು ನೋಡಿದವರು ಕಡಿಮೆ.

ನೋಡಬೇಕೆಂದರೆ ಹೊರಡುವ ಮೊದಲು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಳ್ಳಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇದು ಸರಿಯಾಗಿ 24 ಗಂಟೆಯ ಲೆಕ್ಕವಲ್ಲ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಸರಿದಿರುತ್ತಾನೆ, ಭೂಮಿ ಅವನನ್ನು ಹಿಡಿಯಲು ಇನ್ನಷ್ಟು ತಿರುಗಬೇಕು. ಅದಕ್ಕೇ ಇಂದಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಿದ್ದು ನೀರು ತುಂಬ ಮೇಲೇರಿ ತುಂಬ ಕೆಳಗಿಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಸಣ್ಣದು. ತಿಥಿಗಿಂತ ಒಂದೆರಡು ದಿನ ಹಿಂದುಮುಂದಾಗುವುದುಂಟು, ಅಷ್ಟೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ 10 ಮೀಟರಿನಷ್ಟು ಏರುವ ನೀರು ನಮ್ಮಲ್ಲಿ ಹೆಚ್ಚೆಂದರೆ ಎರಡು ಮೀಟರಿನ ಸುತ್ತಮುತ್ತ. ಆದರೆ ಇಳಿಜಾರು ಕಡಿಮೆಯಿರುವ ತೀರದಲ್ಲಿ ಅಷ್ಟೇ ಇಳಿತಕ್ಕೆ ಹತ್ತಾರು ಮಾರು ನೆಲ ಬಯಲಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿನಲ್ಲಿ ಈ ಭಾಗದಲ್ಲಿ ದೊಡ್ಡ ಇಳಿತ ಸಾಮಾನ್ಯವಾಗಿ ಬೆಳಗಿನ ಜಾವ ಮತ್ತು ಸಂಜೆ. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಕು ಹರಿಯುವ ಹೊತ್ತಿಗೆ ಇಳಿಯುವ ನಮ್ಮ ಕಡೆಯವರಿಗೆ ಇದು ಹೇಳಿಮಾಡಿಸಿದ ಹೊತ್ತು.

ಮೊದಲು ಸಿಗುವುದು ಮರಳು. ಬರಿದಾಗಿ ಕಾಣುವ ಆ ಮರಳಿನಲ್ಲಿ ಬಟಾಣಿಗಿಂತ ಸಣ್ಣ ಗೋಲಿಗಳು ಸಾಲುಸಾಲಾಗಿ ಹರಡಿರುತ್ತವೆ. ನಡುವೆ ಒಂದು ತೂತು. ನೀರು ಇಳಿದೊಡನೆ ಬಿಲದಿಂದ ಹೊರಬರುವ ಪುಟ್ಟ ಏಡಿಗಳು ಮರಳನ್ನು ಬಾಯಿಗೆ ತುರುಕಿಕೊಂಡು, ಕಣಗಳಿಗೆ ಅಂಟಿದ ಪಾಚಿ, ಬ್ಯಾಕ್ಟೀರಿಯ, ಕೊಳೆತ ಚೂರುಗಳನ್ನು ಸೋಸಿ ತಿಂದು, ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದಕ್ಕೆ ತಳ್ಳುತ್ತವೆ. ಸೋಸಿದ ಮರಳನ್ನೇ ಮತ್ತೆ ಸೋಸದಂತೆ ಈ ಏರ್ಪಾಡು. ಮುಂದಿನ ಭರತ ಬಂದು ಎಲ್ಲವನ್ನೂ ಅಳಿಸುತ್ತದೆ, ಹೊಸ ಆಹಾರವನ್ನೂ ತಂದು ಹಾಕುತ್ತದೆ. ಇನ್ನೂ ಮೇಲೆ, ಒಣ ಮರಳಿನಲ್ಲಿ, ಮುಷ್ಟಿ ಹೋಗುವಷ್ಟು ದೊಡ್ಡ ಬಿಲಗಳು ಕಂಡರೆ ಅವು ಆಸಿಪೋಡ್ ಕುಲದ ಮರಳೇಡಿಗಳವು. ಕಡ್ಡಿಯ ಮೇಲೆ ಕೂರಿಸಿದ ಕಣ್ಣು, ಅಡ್ಡಡ್ಡ ಓಟ. ಇವು ಉಸಿರಾಡುವುದು ಮೀನಿನ ಹಾಗೆ ಕಿವಿರಿನಿಂದಲೇ. ಆದರೆ ನೀರಿಗಿಳಿಯದೆ, ಕಾಲಬುಡದ ಕೂದಲಿನ ಗೊಂಚಲಿನಿಂದ ತೇವದ ಮರಳಿನ ನೀರನ್ನು ಹೀರಿ ಕಿವಿರನ್ನು ಒದ್ದೆಯಾಗಿಟ್ಟುಕೊಳ್ಳುತ್ತವೆ. ಬಿಲ ಆಳವಾಗಿರುವುದಕ್ಕೆ ಇದೂ ಒಂದು ಕಾರಣ: ತೇವ ಕೆಳಗಿದೆ.

ದಿಬ್ಬಗಳ ಬುಡದ ಬಂಡೆಗಳಿಗೆ ಬಂದಾಗ ನಡಿಗೆ ನಿಧಾನವಾಗಲಿ. ಇಡೀ ದಾರಿಯಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಬಂಡೆಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ ಜೀವಿಗಳು ಪಟ್ಟೆಪಟ್ಟೆಯಾಗಿ ನೆಲೆಸಿರುವುದು ಕಾಣುತ್ತದೆ. ಅಲೆಯ ಸಿಂಪಡಿಕೆ ಮಾತ್ರ ಮುಟ್ಟುವ ಎತ್ತರದಲ್ಲಿ ಕಡಲೆಕಾಳಿಗಿಂತ ಸಣ್ಣ ಬಸವನಹುಳುಗಳು ಬಿರುಕುಗಳಲ್ಲಿ ಒತ್ತಾಗಿ ಕೂತಿರುತ್ತವೆ. ಅದರ ಕೆಳಗೆ ಕಾಲಿಗೆ ಚುಚ್ಚುವ ಬಿಳಿ ಬಾರ್ನಕಲ್‌ಗಳು, ಇನ್ನೂ ಕೆಳಗೆ ಸಿಂಪಿ, ಪಚ್ಚಿಲೆ, ಜಾರುವ ಪಾಚಿ. ಬಾರ್ನಕಲ್ ಚಿಪ್ಪಿನಂತೆ ಕಂಡರೂ ಏಡಿ ಸಿಗಡಿಗಳ ಬಳಗದ್ದು. ಮರಿಯಾಗಿದ್ದಾಗ ಈಜುತ್ತ ಬಂದು, ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ಉಳಿದ ಆಯುಷ್ಯವನ್ನೆಲ್ಲ ಕಾಲಿನಿಂದ ಆಹಾರವನ್ನು ಬಾಯಿಗೆ ಎಳೆದುಕೊಳ್ಳುತ್ತ ಕಳೆಯುತ್ತದೆ. ಡಾರ್ವಿನ್ ಜೀವವಿಕಾಸದ ಪುಸ್ತಕ ಬರೆಯುವ ಮೊದಲು, 1846ರಿಂದ 1854ರವರೆಗೆ, ಇವನ್ನೇ ಸೀಳಿ ನೋಡುತ್ತ ಕೂತಿದ್ದ.

ಈ ಪಟ್ಟೆಗಳನ್ನು ಹಾಕಿದವರು ಯಾರು? 1961ರಲ್ಲಿ ಪ್ರಕಟವಾದ ಜೋಸೆಫ್ ಕಾನೆಲ್ ಅವರ ಸ್ಕಾಟ್ಲೆಂಡಿನ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಅಲ್ಲಿ ಎರಡು ಬಗೆಯ ಬಾರ್ನಕಲ್‌ಗಳು. ಚಿಕ್ಕವು ಮೇಲೆ, ದೊಡ್ಡವು ಕೆಳಗೆ. ಕಾನೆಲ್ ಕೆಳಗಿನ ಬಂಡೆಯಿಂದ ದೊಡ್ಡವನ್ನು ಕಿತ್ತು ತೆಗೆದಾಗ ಚಿಕ್ಕವು ಅಲ್ಲಿಯೂ ಸುಖವಾಗಿ ಬೆಳೆದವು. ಅಂದರೆ ಅವು ಮೇಲಿದ್ದದ್ದು ಇಷ್ಟಪಟ್ಟಲ್ಲ. ಕೆಳಗೆ ದೊಡ್ಡವು ಅವನ್ನು ಹಿಸುಕಿ, ಎಬ್ಬಿ ಹಾಕುತ್ತಿದ್ದವು. ದೊಡ್ಡವಕ್ಕೆ ಮೇಲಿನ ಒಣ ಬಿಸಿಲು ತಡೆಯದು, ಹಾಗಾಗಿ ಅಲ್ಲಿಗೆ ಅವು ಹಿಂಬಾಲಿಸಿ ಬರಲಾರವು. ತೀರದ ಬಂಡೆಗಳ ಮಟ್ಟಿಗೆ ಇದು ಬಹಳ ಕಡೆ ನಿಲ್ಲುವ ಲೆಕ್ಕ. ಜೀವಿಯೊಂದು ಎಷ್ಟು ಮೇಲೆ ಬದುಕಬಹುದು ಎಂಬುದನ್ನು ಬಿಸಿಲು, ಒಣಗುವಿಕೆ ನಿರ್ಧರಿಸುತ್ತವೆ. ಎಷ್ಟು ಕೆಳಗೆ ಎಂಬುದನ್ನು ನೆರೆಹೊರೆಯವರೂ ಹಿಡಿದು ತಿನ್ನುವವರೂ.

ಈಗ ನಮ್ಮ ಕೆರೆಗಳಿಗೆ ಬನ್ನಿ. ತುಮಕೂರಿನ ಅಮಾನಿಕೆರೆ, ಗುಬ್ಬಿ ಕೆರೆ, ಜನಪದ ಹಾಡಿನಿಂದ ನಾಡಿಗೆಲ್ಲ ಹೆಸರಾದ ಕುಣಿಗಲ್ ದೊಡ್ಡಕೆರೆ ಇವುಗಳಲ್ಲೂ ಏರಿಳಿತ ಇದೆ. ಮಳೆಗಾಲದ ಕೊನೆಗೆ ಏರಿ, ಒಳ್ಳೆಯ ವರ್ಷವಾದರೆ ಕೋಡಿ ಬಿದ್ದು, ಬೇಸಿಗೆಗೆ ಇಳಿದು ಅಂಗಳದ ಮಣ್ಣು ಬಿರಿಯುತ್ತದೆ. ಕಡಲು ಆರು ಗಂಟೆಯಲ್ಲಿ ಮಾಡುವುದನ್ನು ಕೆರೆ ಆರು ತಿಂಗಳಲ್ಲಿ ಮಾಡುತ್ತದೆ. (ಹೇಮಾವತಿ ನಾಲೆಯ ನೀರು ಹರಿಸುವ ಕೆರೆಗಳಲ್ಲಿ ಈ ತಾಳ ಈಗ ಕೆಟ್ಟಿದೆ. ರೈತನಿಗೆ ಒಳ್ಳೆಯದೇ ಆಯಿತು, ಅದು ಬೇರೆ ಮಾತು.) ಇಳಿತವನ್ನು ತಾಳಿಕೊಳ್ಳುವ ಉಪಾಯಗಳೂ ಒಂದೇ. ಕಡಲ ಬಂಡೆಯ ಬಸವನಹುಳು ಬಾಯಿಗೆ ಗಟ್ಟಿ ಮುಚ್ಚಳ ಹಾಕಿಕೊಂಡು, ಲೋಳೆಯಿಂದ ಬಂಡೆಗೆ ಅಂಟಿ, ಅಲೆ ತಲುಪದಿದ್ದರೆ ದಿನಗಟ್ಟಲೆ ಕಾಯುತ್ತದೆ. ನಮ್ಮ ಕೆರೆಗಳ ಪೈಲಾ ಎಂಬ ದಪ್ಪ ಬಸವನಹುಳು ಅದೇ ಬಗೆಯ ಮುಚ್ಚಳ ಹಾಕಿಕೊಂಡು ಕೆಸರಿನೊಳಗೆ ತಿಂಗಳುಗಟ್ಟಲೆ ಮಲಗುತ್ತದೆ. ಅದಕ್ಕೆ ನೀರಿನಲ್ಲಿ ಉಸಿರಾಡಲು ಕಿವಿರೂ ಗಾಳಿಯಲ್ಲಿ ಉಸಿರಾಡಲು ಶ್ವಾಸಚೀಲವೂ ಇವೆ. ಅಘನಾಶಿನಿಯ ಕಾಂಡ್ಲಾ ಗಿಡಗಳ ಬುಡದ ಕೆಸರಿನಲ್ಲಿ ರೆಕ್ಕೆಯೂರಿ ತೆವಳುವ ಮಡ್‌ಸ್ಕಿಪ್ಪರ್ ಮೀನು ಒದ್ದೆ ಚರ್ಮದ ಮೂಲಕ ಗಾಳಿಯಿಂದ ಆಮ್ಲಜನಕ ಹೀರುತ್ತದೆ. ಬತ್ತುವ ಕೆರೆಯ ಕೊರಮೀನು ಮೇಲಕ್ಕೆ ಬಂದು ಗಾಳಿ ನುಂಗುತ್ತದೆ. ಕಾನೆಲ್ ಕಂಡ ನಿಯಮವೂ ಇಲ್ಲಿದೆ. ಮೊದಲ ಮಳೆಗೆ ತುಂಬಿದ ಗುಂಡಿಗಳಲ್ಲಿ ಕಪ್ಪೆಗಳು ಮೊಟ್ಟೆಯಿಡಲು ಮುಗಿಬೀಳುತ್ತವೆ. ಆ ಗುಂಡಿ ಯಾವಾಗ ಬೇಕಾದರೂ ಒಣಗಬಹುದು, ಆದರೆ ಒಣಗುವ ಗುಂಡಿಯಲ್ಲಿ ಗೊದಮೊಟ್ಟೆ ನುಂಗುವ ಮೀನು ಇರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕೆರೆ ಮತ್ತು ಕಡಲು ಪೂರ್ತಿ ಬೇರೆಯಾಗುತ್ತವೆ, ಅದೂ ಎರಡೂ ಕಡೆ ಸಿಗುವ ಕಪ್ಪೆಚಿಪ್ಪಿನಲ್ಲಿ. ಕಡಲ ಬಳಚು, ಪಚ್ಚಿಲೆಗಳು ಮೊಟ್ಟೆ ವೀರ್ಯಗಳನ್ನು ನೀರಿಗೇ ಬಿಡುತ್ತವೆ. ಹುಟ್ಟಿದ ಮರಿಗಳು ದಿನಗಟ್ಟಲೆ, ವಾರಗಟ್ಟಲೆ ತೇಲಿ ಎಲ್ಲೋ ನೆಲೆ ಹಿಡಿಯುತ್ತವೆ. ಸಿಹಿನೀರಿನ ಕಪ್ಪೆಚಿಪ್ಪು ಹಾಗೆ ಮಾಡಿದರೆ ಹೊಳೆಯ ಹರಿವು ಮರಿಗಳನ್ನೆಲ್ಲ ಕೊಚ್ಚಿಕೊಂಡು ಸಮುದ್ರಕ್ಕೆ ಹಾಕಿಬಿಡುತ್ತದೆ. ಅದಕ್ಕೆ ಅದು ಕಂಡುಕೊಂಡ ಉಪಾಯ ಮೀನು. ತಾಯಿ ತನ್ನ ಕಿವಿರಿನೊಳಗೆ ಮರಿಗಳನ್ನು ಬೆಳೆಸಿ ಹೊರಬಿಡುತ್ತದೆ, ಅವು ಹಾದುಹೋಗುವ ಮೀನಿನ ಕಿವಿರನ್ನೋ ರೆಕ್ಕೆಯನ್ನೋ ಕಚ್ಚಿ ಹಿಡಿದು ಕೆಲವು ದಿನ ಪರಾವಲಂಬಿಯಾಗಿ ಬದುಕಿ, ದೊಡ್ಡವಾದ ಮೇಲೆ ಉದುರಿ ಕೆಸರಿಗೆ ಸೇರುತ್ತವೆ. ಹರಿವಿಗೆ ಎದುರಾಗಿ ಈಜುವ ಮೀನಿದ್ದರೆ ಕಪ್ಪೆಚಿಪ್ಪಿಗೂ ಮೇಲ್ಗಡೆಯ ನೀರು ದಕ್ಕೀತು. ಮೀನು ಹೋದ ಹೊಳೆಯಲ್ಲಿ ಕಪ್ಪೆಚಿಪ್ಪೂ ತಡವಾಗಿ ಹೋಗುತ್ತದೆ.

ಕಡಲ ಚಿಪ್ಪುಗಳ ಬದುಕನ್ನು ಹತ್ತಿರದಿಂದ ನೋಡಲು ಅಘನಾಶಿನಿಯ ಅಳಿವೆಗಿಂತ ಒಳ್ಳೆಯ ಜಾಗ ಈ ದಾರಿಯಲ್ಲಿ ಇಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟು ಯಾವುದನ್ನೂ ಕಾಣದೆ ಸುಮಾರು 120 ಕಿಲೋಮೀಟರ್ ಹರಿದು ಈ ಹೊಳೆ ಕಡಲು ಸೇರುತ್ತದೆ. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟಮಟ್ಟದ ನೀರಿಗಿಳಿದು ಕೈ ಕಾಲಲ್ಲೇ ತಡಕಿ ಬಳಚು ಆರಿಸುತ್ತಾರೆ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ. 2024ರಲ್ಲಿ ಈ ಅಳಿವೆಗೆ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅದರ ಜೊತೆಗೇ ಕರ್ನಾಟಕದಿಂದ ಸೇರಿದ ಇನ್ನೆರಡು ಬಯಲುಸೀಮೆಯ ಕೆರೆಗಳು: ಅಂಕಸಮುದ್ರ ಮತ್ತು ಮಾಗಡಿ ಕೆರೆ (ಇದು ಗದಗ ಜಿಲ್ಲೆಯದು, ಕುಣಿಗಲ್ ಪಕ್ಕದ ಮಾಗಡಿಯದಲ್ಲ).

ಪಶ್ಚಿಮದ ಹೊಳೆಗಳ ನೀರು ಸುಮ್ಮನೆ ಕಡಲಿಗೆ ಹೋಗಿ ಹಾಳಾಗುತ್ತಿದೆ ಎಂಬ ಮಾತನ್ನು ನಮ್ಮ ಜಿಲ್ಲೆಯಲ್ಲಿ ಕೇಳದವರಿಲ್ಲ. ಎತ್ತಿನಹೊಳೆ ಯೋಜನೆಯ ನೀರು ಬರುವ ಜಿಲ್ಲೆಗಳಲ್ಲಿ ತುಮಕೂರೂ ಒಂದು, ಕುಡಿಯುವ ನೀರಿನ ಕಷ್ಟ ಇಲ್ಲಿ ನಿಜ. ಆದರೆ ಹಾಳಾಗುತ್ತಿದೆ ಎಂಬುದು ತಪ್ಪು ಲೆಕ್ಕ. ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಕಡಲಿನ ಆಹಾರದ ಬುಡದಲ್ಲಿದೆ. ಅದು ಗಾಜಿನಂಥ ಕವಚ ಕಟ್ಟಿಕೊಳ್ಳಲು ಸಿಲಿಕ ಬೇಕು, ಅದರ ಬಹುಪಾಲು ಬರುವುದು ಬೆಟ್ಟದ ಕಲ್ಲನ್ನು ತೊಳೆದುಬಂದ ಹೊಳೆಯಿಂದ. ಬಳಚು ಸೋಸಿ ತಿನ್ನುವುದು ಇಂಥ ಪಾಚಿಯನ್ನು. ಅಳಿವೆಯ ಉಪ್ಪು ಎಷ್ಟು ಮೇಲಕ್ಕೆ ಏರಬೇಕು, ಯಾವ ಚಿಪ್ಪು ಎಲ್ಲಿ ಬದುಕಬೇಕು ಎಂಬುದನ್ನು ತೀರ್ಮಾನಿಸುವುದೂ ಆ ಸಿಹಿನೀರೇ. ನೀರು ತರುವುದೋ ಬಿಡುವುದೋ ಎಂಬ ಜಗಳದಲ್ಲಿ ಬಳಚಿನ ಪಾಲನ್ನು ಸೊನ್ನೆ ಎಂದು ಬರೆದುಕೊಂಡು ಕೂಡಿಸಿ ಕಳೆಯುವುದನ್ನು ಮಾತ್ರ ನಾನು ಒಪ್ಪಲಾರೆ.

ಹೊರಡುವವರಿಗೆ ಕೆಲವು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ಬೇಡ. ಯಾಂತ್ರಿಕ ದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಏರಿಳಿತದ ನಿಖರ ಹೊತ್ತನ್ನು ಸರ್ವೆ ಆಫ್ ಇಂಡಿಯಾದ ಕೋಷ್ಟಕದಲ್ಲೂ, ದೊಡ್ಡ ಅಲೆಗಳ ಎಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಪ್ರಕಟಣೆಯಲ್ಲೂ ನೋಡಿಕೊಳ್ಳಬಹುದು. ದಿಬ್ಬದ ಬುಡದ ಬಂಡೆಗಳನ್ನು ನೀರು ಇಳಿಯುತ್ತಿರುವಾಗಲೇ ದಾಟಿಬಿಡಿ, ಏರತೊಡಗಿದ ಮೇಲೆ ಹಿಂದೆಯೂ ಹೋಗಲಾಗದೆ ಮುಂದೆಯೂ ಹೋಗಲಾಗದೆ ಸಿಕ್ಕಿಕೊಳ್ಳುವ ಮೂಲೆಗಳಿವೆ. ಬಂಡೆಗಳ ನಡುವೆ ನೀರು ನಿಂತ ಹೊಂಡದಲ್ಲಿ ಕಲ್ಲು ಮಗುಚಿ ನೋಡಿದರೆ ಮೊದಲಿದ್ದಂತೆಯೇ ಮುಚ್ಚಿಡಿ, ಅಡಿಯಲ್ಲಿ ಅಂಟಿಕೊಂಡಿರುವ ಜೀವಗಳಿಗೆ ಬಿಸಿಲು ತಡೆಯದು. ಶಂಕುವಿನಾಕಾರದ, ಚಂದದ ಗೆರೆಗಳಿರುವ ಚಿಪ್ಪು ಕಂಡರೆ ಬರಿಗೈಯಲ್ಲಿ ಎತ್ತಬೇಡಿ. ಒಳಗೆ ಜೀವಂತ ಹುಳುವಿದ್ದರೆ ಅದರ ವಿಷದ ಮುಳ್ಳು ಹೊರಚಾಚಬಲ್ಲದು. ಮೊಣಕಾಲುದ್ದ ನೀರಿನಲ್ಲಿ ನಡೆಯುವಾಗ ಕಾಲೆತ್ತಿ ಇಡದೆ ಮರಳಿನ ಮೇಲೆ ಉಜ್ಜಿಕೊಂಡು ಸಾಗಿ. ಅಡಿಯಲ್ಲಿ ಹುದುಗಿರುವ ತೊರಕೆ ಮೀನಿಗೆ ಅದುರು ತಿಳಿದು ಸರಿದು ಹೋಗುತ್ತದೆ. ಚುಚ್ಚಿದರೆ ಗಾಯವನ್ನು ಚರ್ಮ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿಟ್ಟುಕೊಂಡು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆ ವಿಷ ಪ್ರೋಟೀನು, ಬಿಸಿಗೆ ಅದರ ಶಕ್ತಿ ಕುಂದುತ್ತದೆ.