ಹೂ ಮುಡಿಯುವುದು, ಕಾಫಿ ಸ್ಟ್ರಾಂಗ್ ಆಗುವುದು

ಬೆಂಗಳೂರಿನ ಸಾರಕ್ಕಿ ಸಿಗ್ನಲ್ ಸುತ್ತಿನ ದರ್ಶಿನಿಗಳಲ್ಲಿ ‘ಒಂದು ಸ್ಟ್ರಾಂಗ್, ಒಂದು ಲೈಟ್’ ಎಂದರೆ ಸಾಕು, ಡಿಕಾಕ್ಷನ್ ಎಷ್ಟು ಬೀಳಬೇಕೆಂಬುದು ಇತ್ಯರ್ಥವಾಯಿತು. ಇಂಗ್ಲಿಷ್ ಮನೆಮಾತಾದವರ ಬಾಯಲ್ಲಿ ಸ್ಟ್ರಾಂಗ್ ಕಾಫಿಗೆ ಎದುರಾಗಿ ಸಾಮಾನ್ಯವಾಗಿ ಬರುವ ಪದ ‘ವೀಕ್’. ‘ಲೈಟ್’ ಅಲ್ಲಿ ಮಳೆಯ ಜೊತೆಗಾರ. ನಾವು ಮಳೆಗೂ ಗಾಳಿಗೂ ‘ಜೋರು’ ಎಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ಇದಕ್ಕೆ ವ್ಯಾಕರಣದಲ್ಲಿ ಕಾರಣ ಹುಡುಕಿದರೆ ಸಿಗದು, ಬಳಕೆಯೇ ಕಾರಣ. 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಕಲಿಸಿ, ಮುಂದೆ ಲಂಡನ್ನಿನಲ್ಲಿ ಭಾಷಾವಿಜ್ಞಾನದ ಪ್ರಾಧ್ಯಾಪಕರಾದ ಜೆ.ಆರ್. ಫರ್ತ್, ಪದದ ಅರ್ಥದ ಒಂದು ಪಾಲು ಅದರ ಒಡನಾಡಿ ಪದಗಳಲ್ಲಿದೆ ಎಂದು ವಾದಿಸಿದರು. ಆ ಒಡನಾಟಕ್ಕೆ ‘ಕೊಲೊಕೇಶನ್’ ಎಂಬ ಹೆಸರು ನಿಂತಿತು.

ನಮ್ಮ ಮಕ್ಕಳಿಗೆ ಇದು ಹೊಸ ಪಾಠವೇ ಅಲ್ಲ, ಆದರೂ ಹೊಸದೆಂಬಂತೆ ಕಲಿಸುತ್ತೇವೆ ಎಂಬುದೇ ನನ್ನ ತಕರಾರು. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಮೊಳ ಹೂ ಕೊಂಡರೆ ಅದನ್ನು ಮುಡಿಯುತ್ತಾರೆ. ಬಳೆ ತೊಡುತ್ತಾರೆ, ಸೀರೆ ಉಡುತ್ತಾರೆ, ಕುಂಕುಮ ಇಡುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ. ಹೂವಿಗೂ ಬಳೆಗೂ ಸೀರೆಗೂ ಚಪ್ಪಲಿಗೂ ಇಂಗ್ಲಿಷಿಗೆ ‘ವೇರ್’ ಒಂದೇ ಸಾಕು. (ಈಗ ನಾವೂ ಹೂವಿನಿಂದ ಚಪ್ಪಲಿಯವರೆಗೆ ಎಲ್ಲಕ್ಕೂ ‘ಹಾಕು’ ಎನ್ನತೊಡಗಿದ್ದೇವೆ, ನನಗೆ ಇದು ನಿಜಕ್ಕೂ ಸಂಕಟದ ಸಂಗತಿ.) ಕಡುಗಪ್ಪು ಉಂಟು, ಕಡುಬಿಳಿ ಇಲ್ಲ; ಬಿಳಿಗೆ ‘ಅಚ್ಚ’ವೇ ಬೇಕು. ಇದನ್ನು ಯಾರೂ ಪಟ್ಟಿ ಮಾಡಿ ಉರುಹೊಡೆದಿಲ್ಲ. ‘ಮಾಡು’ವಿನಲ್ಲಿ ಲೆಕ್ಕ ತಿರುವುಮುರುವು. ತಪ್ಪು, ಹೋಮ್‌ವರ್ಕ್, ಸ್ನಾನ ಮೂರನ್ನೂ ನಾವು ‘ಮಾಡು’ತ್ತೇವೆ, ಇಂಗ್ಲಿಷಿನಲ್ಲಿ ತಪ್ಪಿಗೆ ‘ಮೇಕ್’, ಹೋಮ್‌ವರ್ಕಿಗೆ ‘ಡು’, ಸ್ನಾನಕ್ಕೆ ‘ಟೇಕ್’ ಅಥವಾ ‘ಹ್ಯಾವ್’. ಕನ್ನಡ ಮಾತಾಡುವ ಮಗು ‘ಡು ಮಿಸ್ಟೇಕ್’ ಎಂದರೆ ಅದು ದಡ್ಡತನವಲ್ಲ, ತನ್ನ ನುಡಿಯ ಜೋಡಿಯನ್ನು ನಿಷ್ಠೆಯಿಂದ ದಾಟಿಸಿದೆ ಅಷ್ಟೆ.

ಅರ್ಥವಾದರೆ ಸಾಲದೇ, ಅವರ ರೂಢಿಗೆ ನಾವೇಕೆ ಜೋತುಬೀಳಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ. ಕಾಫಿಗೆ ‘ಲೈಟ್’ ನಮ್ಮೂರಿನ ಸೊತ್ತು, ಅದನ್ನು ತಿದ್ದಲು ಹೊರಡುವುದು ಅನ್ಯಾಯ. ಆದರೆ ‘ಪರೀಕ್ಷೆ ಬರೆ’ ಎಂಬುದರಿಂದ ಹುಟ್ಟಿದ ‘ರೈಟ್ ಎಗ್ಸಾಮ್’ ಇಲ್ಲಿ ವಿದ್ಯಾರ್ಥಿಯ ಕೆಲಸ. ಬ್ರಿಟನ್ನಿನವರ ಕಿವಿಗೆ ಅದು ಪ್ರಶ್ನೆಪತ್ರಿಕೆ ತಯಾರಿಸುವವರ ಕೆಲಸದಂತೆ ಕೇಳಬಹುದು. ಎರಡೂ ಜೋಡಿ ಗೊತ್ತಿದ್ದವರು ಎಲ್ಲಿ ಯಾವುದನ್ನು ಆಡಬೇಕೆಂದು ತಾವೇ ಆರಿಸಿಕೊಳ್ಳುತ್ತಾರೆ. ಜೋಡಿಗಳು ಲೆಕ್ಕವಿಲ್ಲದಷ್ಟಿವೆ, ಕಲಿಸಿ ಮುಗಿಯುವುದುಂಟೇ ಎಂಬುದು ಇನ್ನೊಂದು ಆಕ್ಷೇಪ. ಮುಗಿಯಬೇಕಾಗಿಲ್ಲ, ಜೋಡಿಗಳು ಕೇಳಿ ಕೇಳಿಯೇ ಬರುತ್ತವೆ. 2015ರಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಾಯಿತು. ಕೆರೆ ಎಂದೊಡನೆ ‘ಒತ್ತುವರಿ’, ಒತ್ತುವರಿ ಎಂದೊಡನೆ ‘ತೆರವು’ ನಾಲಿಗೆಗೆ ಬರುವುದು ಈ ಊರು ಅದನ್ನು ಮತ್ತೆ ಮತ್ತೆ ಕೇಳಿದ್ದರಿಂದ. ಇಂಗ್ಲಿಷೂ ಹಾಗೆಯೇ ಕಿವಿಗೆ ಬೀಳಲಿ. ನೋಟ್‌ಬುಕ್ಕಿನಲ್ಲಿ ‘ಮಿಸ್ಟೇಕ್ ಎಂದರೆ ತಪ್ಪು’ ಎಂದು ಬರೆಸುವ ಕಡೆ ‘ಮೇಕ್ ಎ ಮಿಸ್ಟೇಕ್’ ಎಂದು ಇಡಿಯಾಗಿ ಬರೆಸಿ, ಪಕ್ಕದಲ್ಲೇ ‘ತಪ್ಪು ಮಾಡು’ ಎಂದು ಬರೆಸಿದರೆ ಆಯಿತು.