ಅಟ್ಟದ ಕೊಬ್ಬರಿಯೂ ಅಮೆರಿಕದ ಕೃಷಿಶಾಸನವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ರಾಜಕಾರಣದ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಕೊಬ್ಬರಿಯ ಧಾರಣೆಗೆ ಬಂದು ನಿಲ್ಲುವುದು ವಾಡಿಕೆ. ಯಾವ ಪಕ್ಷಕ್ಕೂ ಕಟ್ಟುಬೀಳದೆ, ಯಾವ ಪಕ್ಷವನ್ನೂ ಶತ್ರುವೆಂದು ಭಾವಿಸದೆ, ಆಯಾ ಕಾಲದ ಗುಣದೋಷಗಳನ್ನು ತೂಗಿ ಮತವೀಯುತ್ತ ಬಂದ ನನ್ನಂಥ ಸಾಮಾನ್ಯ ಪ್ರಜೆಗೆ ಸರ್ಕಾರಗಳ ವಿವೇಕವನ್ನು ಅಳೆಯುವುದಕ್ಕೆ ಇದಕ್ಕಿಂತ ಸಮೀಪದ ಸಾಧನ ಬೇರೊಂದಿಲ್ಲ. ಅದೇ ದೃಷ್ಟಿಯಿಂದ ದೂರದ ಅಮೆರಿಕದ ರಾಜಕಾರಣವನ್ನು ನೋಡಿದರೆ, ನಮಗೆ ಉಪಯುಕ್ತವಾದ ಒಂದು ಪಾಠವೂ ಒಂದು ಎಚ್ಚರಿಕೆಯೂ ಅಲ್ಲಿ ಕಾಣುತ್ತವೆ.

ನಮ್ಮ ಉಂಡೆ ಕೊಬ್ಬರಿಯ ಸ್ವಭಾವವನ್ನು ಮೊದಲು ಅರಿಯಬೇಕು. ಬಲಿತ ಕಾಯನ್ನು ಸಿಪ್ಪೆಸಹಿತವಾಗಿ ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಒಳಗೆ ಗಡಗಡ ಸದ್ದಾಗುವವರೆಗೆ ಕಾಯಬೇಕು. ಇದಕ್ಕೆ ಹೆಚ್ಚುಕಡಿಮೆ ಒಂದು ವರ್ಷವೇ ಹಿಡಿಯುತ್ತದೆ. ಆಮೇಲೆ ಸಿಪ್ಪೆ ಸುಲಿದು, ಉಂಡೆ ಒಡೆಯದಂತೆ ಚಿಪ್ಪನ್ನು ಬಿಡಿಸಿ, ಕೌಟನ್ನು, ಎಂದರೆ ಕೆಟ್ಟ ಕೊಬ್ಬರಿಯನ್ನು, ಆರಿಸಿ ತೆಗೆದು, ಚೀಲ ತುಂಬಿ ತಿಪಟೂರಿನ ಮಾರುಕಟ್ಟೆಯ ಹರಾಜಿಗೆ ಸಾಗಿಸಬೇಕು. ಕಾಯಿ ಅಟ್ಟವೇರಿದಂದು ಇದ್ದ ಧಾರಣೆ ಅದು ಇಳಿಯುವಂದು ಇರುವುದೆಂಬ ಭರವಸೆ ಯಾರಿಗೂ ಇಲ್ಲ. ಎಳನೀರಾಗಿ ಮಾರಲೋ, ಹಸಿಕಾಯಾಗಿ ಕೊಡಲೋ, ಕೊಬ್ಬರಿಗೆಂದು ಉಳಿಸಲೋ ಎಂಬ ನಿರ್ಧಾರವನ್ನು ರೈತನು ಒಂದು ವರ್ಷ ಮುಂಚಿತವಾಗಿಯೇ ಮಾಡಬೇಕಾಗುತ್ತದೆ.

ಕೇಂದ್ರ ಸರ್ಕಾರವು ಕೊಬ್ಬರಿಗೆ ಬೆಂಬಲಬೆಲೆಯನ್ನು ಘೋಷಿಸುವ ರೀತಿಯನ್ನು ಇದರೊಡನೆ ಇಟ್ಟು ನೋಡಿ. 2024ರ ಹಂಗಾಮಿನ ಬೆಲೆಗೆ ಸಮ್ಮತಿ ದೊರೆತದ್ದು 2023ರ ಡಿಸೆಂಬರಿನಲ್ಲಿ. 2025ರದಕ್ಕೆ 2024ರ ಡಿಸೆಂಬರಿನಲ್ಲಿ. ಆ ಬೆಲೆಗೆ ಮಾರಾಟವಾಗಬೇಕಾದ ಕಾಯಿ ಆಗಲೇ ಎಷ್ಟೋ ತಿಂಗಳಿಂದ ಅಟ್ಟದ ಮೇಲಿರುತ್ತದೆ. 2014ರಲ್ಲಿ ಕ್ವಿಂಟಲಿಗೆ 5,500 ರೂಪಾಯಿ ಇದ್ದ ಉಂಡೆ ಕೊಬ್ಬರಿಯ ಬೆಂಬಲಬೆಲೆ 2025ಕ್ಕೆ 12,100 ಆಯಿತೆಂಬುದು ನಿಜ, ಅದು ಸ್ವಾಗತಾರ್ಹವೂ ಹೌದು. ಆದರೆ 2023ರಲ್ಲಿ ಬೆಂಬಲಬೆಲೆ 11,750 ಇದ್ದಾಗಲೇ ಮಾರುಕಟ್ಟೆಯ ಧಾರಣೆ ಎಂಟು ಸಾವಿರದ ಆಸುಪಾಸಿಗೆ ಕುಸಿಯಿತು. ಕೇಂದ್ರದ ಪರವಾಗಿ ನಾಫೆಡ್ ಸಂಸ್ಥೆಯ ಖರೀದಿ, ಅದರ ಮೇಲೆ ರಾಜ್ಯ ಸರ್ಕಾರದ 1,250 ರೂಪಾಯಿ ಪ್ರೋತ್ಸಾಹಧನ, ಇವೆಲ್ಲವೂ ಧರಣಿ ಮನವಿಗಳ ನಡುವೆ ಬಂದವು. ಮುಂದೆ 2025ರಲ್ಲಿ, ನುಸಿ ಪೀಡೆಯಿಂದಲೂ ಕಾಂಡ ಸೋರುವ ರೋಗದಿಂದಲೂ ಸೊರಗಿದ ತೋಟಗಳಲ್ಲಿ ಕಾಯಿ ಕಡಿಮೆಯಾಗಿ, ಧಾರಣೆ ಬೆಂಬಲಬೆಲೆಯ ಇಮ್ಮಡಿಯನ್ನೂ ಮೀರಿತು. ಆಗ ಸಂಕಟ ಕೊಳ್ಳುವವನ ಪಾಲಿಗೆ ಬಂತು. ಇತ್ತ, ಕೊಬ್ಬರಿ ಎಣ್ಣೆಗೆ ಪೈಪೋಟಿಯಾದ ಕಚ್ಚಾ ಖಾದ್ಯತೈಲಗಳ ಮೂಲ ಆಮದುಸುಂಕವನ್ನು 2024ರ ಸೆಪ್ಟೆಂಬರಿನಲ್ಲಿ ಶೇಕಡ 20ಕ್ಕೆ ಏರಿಸಿದ ಕೇಂದ್ರವು 2025ರ ಮೇ ಕೊನೆಗೆ 10ಕ್ಕೆ ಇಳಿಸಿತು. ಬೆಳೆಯುವವನಿಗಾಗಿ ಒಂದು ಹೆಜ್ಜೆ, ಉಣ್ಣುವವನಿಗಾಗಿ ಇನ್ನೊಂದು; ಎರಡನ್ನೂ ಒಟ್ಟಿಗೆ ಕೂಡಿಸಿ ಚಿಂತಿಸಿದ ನೀತಿ ಮಾತ್ರ ಕಾಣದು.

ಅಮೆರಿಕದ ಪಾಠವಿರುವುದು ಇಲ್ಲಿಯೇ. ಮಹಾ ಆರ್ಥಿಕ ಕುಸಿತದಲ್ಲಿ ಬೆಳೆಗಾರರು ನೆಲಕಚ್ಚಿದ್ದಾಗ, 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರವು ಬೆಳೆಯ ಬೆಲೆಗೆ ಆಧಾರ ನೀಡುವ ಕೃಷಿಶಾಸನವನ್ನು ತಂದಿತು. ಕಾಲಾಂತರದಲ್ಲಿ ರೈತರ ಸಂಖ್ಯೆ ಕುಗ್ಗಿ, ನಗರಗಳ ಪ್ರತಿನಿಧಿಗಳಿಗೆ ಈ ವೆಚ್ಚದಲ್ಲಿ ಆಸಕ್ತಿ ಉಳಿಯದಿದ್ದಾಗ, 1973ರ ಶಾಸನದಲ್ಲಿ ಬಡವರ ಆಹಾರನೆರವನ್ನೂ ರೈತರ ಬೆಲೆಯಾಧಾರವನ್ನೂ ಒಂದೇ ಮಸೂದೆಯಲ್ಲಿ ಬೆಸೆದರು. ಹೊಲದ ಪ್ರತಿನಿಧಿಯು ಪೇಟೆಯ ಹಸಿದವನಿಗಾಗಿಯೂ ಪೇಟೆಯ ಪ್ರತಿನಿಧಿಯು ಹೊಲದವನಿಗಾಗಿಯೂ ಕೈಯೆತ್ತಬೇಕಾಯಿತು. ಸುಮಾರು ಐದೈದು ವರ್ಷಗಳ ಅವಧಿಗೆಂದು ರಚಿತವಾಗುವ ಈ ಶಾಸನವು 2018ರಲ್ಲಿಯೂ, ಪಕ್ಷದ್ವೇಷ ಉಲ್ಬಣಿಸಿದ್ದ ಕಾಲದಲ್ಲಿ, ಸೆನೆಟ್ಟಿನಲ್ಲಿ 87ಕ್ಕೆ 13 ಮತಗಳಿಂದ ಅಂಗೀಕೃತವಾಯಿತು.

ಎಚ್ಚರಿಕೆಯೂ ಅದೇ ಚರಿತ್ರೆಯಲ್ಲಿದೆ. 1934ರಲ್ಲಿ ತಮ್ಮ ಹೈನುಗಾರರನ್ನೂ ಹತ್ತಿಬೀಜದ ಬೆಳೆಗಾರರನ್ನೂ ಮೆಚ್ಚಿಸಲು ಅಮೆರಿಕದ ಶಾಸಕರು ಫಿಲಿಪ್ಪೀನ್ಸಿನ ಕೊಬ್ಬರಿ ಎಣ್ಣೆಗೆ ಪೌಂಡಿಗೆ 3 ಸೆಂಟಿನ ತೆರಿಗೆ ಹಾಕಿದರು. ಆಗ ಅಮೆರಿಕದ ಆಳ್ವಿಕೆಯಲ್ಲಿಯೇ ಇದ್ದ ಆ ದ್ವೀಪಗಳ ತೆಂಗುಗಾರರಿಗೆ ಆ ಶಾಸನಸಭೆಯಲ್ಲಿ ಮತವಿರಲಿಲ್ಲ. ಸಂಧಾನದ ಪೀಠದಲ್ಲಿ ಯಾರು ಕುಳಿತಿಲ್ಲವೋ ಭಾರ ಅವರ ಹೆಗಲಿಗೇ ಬೀಳುತ್ತದೆ. ಇತ್ತೀಚೆಗೂ ಹೀಗೆಯೇ ಆಯಿತು. 2018ರ ಶಾಸನದ ಅವಧಿ 2023ರಲ್ಲಿ ತೀರಿದಾಗ ಒಮ್ಮತ ಕೂಡಿಬರದೆ ವರ್ಷವರ್ಷದ ವಿಸ್ತರಣೆಯಲ್ಲಿ ಕಾಲ ತಳ್ಳಿದರು. 2025ರ ಜುಲೈಯಲ್ಲಿ ಒಂದೇ ಪಕ್ಷದ ಮತಬಲದಿಂದ ಬಂದ ಕಾಯಿದೆಯು ಬೆಳೆಗಾರರ ಆಧಾರಬೆಲೆಗಳನ್ನು ಏರಿಸಿ, ಬಡವರ ಆಹಾರನೆರವನ್ನು ಕಡಿತಗೊಳಿಸಿತು. ಅರ್ಧ ಶತಮಾನದ ಬೆಸುಗೆ ಹೀಗೆ ಸಡಿಲವಾಯಿತು. ರೈತನಿಗೆ ಇಂದು ಲಾಭವೆನಿಸಬಹುದು. ಆದರೆ ನಾಳೆ ಅವನಿಗಾಗಿ ಕೈಯೆತ್ತಬೇಕೆಂಬ ಹಂಗು ಪೇಟೆಯ ಪ್ರತಿನಿಧಿಗೆ ಉಳಿಯಲಿಲ್ಲ.

ನಮ್ಮಲ್ಲಿ ಆಗಬೇಕಾದುದೇನು? ಕೊಬ್ಬರಿಯ ಬೆಂಬಲಬೆಲೆಯನ್ನು ಕಾಯಿ ಅಟ್ಟವೇರುವ ಮುನ್ನವೇ, ಕನಿಷ್ಠ ಎರಡು ಹಂಗಾಮಿಗೆ ಅನ್ವಯಿಸುವಂತೆ ಘೋಷಿಸಬೇಕು. ಧಾರಣೆ ಆ ಮಟ್ಟಕ್ಕಿಂತ ಇಷ್ಟು ದಿನ ಕೆಳಗಿದ್ದರೆ ಖರೀದಿಕೇಂದ್ರ ತಾನಾಗಿ ತೆರೆಯಬೇಕೆಂಬ ನಿಯಮವಿರಬೇಕು. ಧರಣಿ ಕೂರುವ ಶಕ್ತಿಯಿಲ್ಲದ ಸಣ್ಣ ಹಿಡುವಳಿದಾರನಿಗೆ ಅದೊಂದೇ ರಕ್ಷೆ. ಹೀಗೆ ಕೊಂಡ ದಾಸ್ತಾನನ್ನು ಮರಳಿ ಅದೇ ಮಾರುಕಟ್ಟೆಗೆ ಸುರಿದು ಧಾರಣೆಯನ್ನು ಕುಗ್ಗಿಸುವ ಬದಲು, ಅದರ ಒಂದು ಪಾಲನ್ನು ಶಾಲೆಯ ಬಿಸಿಯೂಟಕ್ಕೂ ಪಡಿತರಕ್ಕೂ ಒದಗಿಸಿದರೆ, ನಮ್ಮ ತೋಟಕ್ಕಾಗಿ ಮಾತಾಡುವುದಕ್ಕೆ ರಾಯಚೂರಿನ ಮಗುವಿನ ತಂದೆತಾಯಿಗೂ ಕಾರಣ ದೊರೆಯುತ್ತದೆ. ಆಮದುಸುಂಕವನ್ನು ತಿದ್ದುವಾಗ ಬೆಂಬಲಬೆಲೆಯನ್ನೂ ಎದುರಿಗಿಟ್ಟುಕೊಂಡೇ ತಿದ್ದಬೇಕು.

ಮಧ್ಯಮಮಾರ್ಗದವನೆಂದರೆ ಎರಡು ಕಡೆಯ ಕೂಗಿನ ನಡುವೆ ಮೌನವಾಗಿರುವವನಲ್ಲ; ಎಲ್ಲ ಕಡೆಯವರಿಗೂ ಒಂದೇ ಪ್ರಶ್ನೆಯನ್ನು ಒಂದೇ ದನಿಯಲ್ಲಿ ಕೇಳುವವನು. ಮುಂದಿನ ಚುನಾವಣೆಯಲ್ಲಿ ನಮ್ಮ ಊರಿಗೆ ಬರುವ ಪ್ರತಿಯೊಬ್ಬ ಅಭ್ಯರ್ಥಿಗೂ, ಅವನ ಬಾವುಟದ ಬಣ್ಣ ಯಾವುದೇ ಇರಲಿ, ಇಷ್ಟನ್ನು ಕೇಳೋಣ: ಕೊಬ್ಬರಿಯ ವಿಷಯದಲ್ಲಿ ವಿರೋಧಪಕ್ಷದವರ ಸಹಿಯನ್ನೂ ಪಡೆದು, ನಿಮ್ಮ ಅಧಿಕಾರ ಹೋದಮೇಲೂ ನಿಲ್ಲುವಂಥ ಒಂದು ನಿಯಮವನ್ನು ನೀವು ಮಾಡಿಸಿಕೊಡುವಿರಾ?